ಸ್ಟಾರ್ ಆಟಗಾರನಿಗೆ ಸರ್ಕಾರದ ದುಡ್ಡು: ಹೂಂ ಅನ್ನುವ ಮುಂಚೆ ಲೆಕ್ಕ ನೋಡುವುದು ಹೀಗೆ

ಒಂದು ಬೆಳಗ್ಗೆ ಸುದ್ದಿ ಬರುತ್ತದೆ. ಇಂಥ ದೊಡ್ಡ ಆಟಗಾರ ನಮ್ಮ ಟೂರ್ನಿಗೆ ಬರುತ್ತಿದ್ದಾರೆ, ಅವರ ಫೀಸಿನಲ್ಲಿ ಒಂದು ಪಾಲು ಸರ್ಕಾರದ್ದು. ಅಷ್ಟೇ, ಸಂಜೆಯೊಳಗೆ ಜನ ಎರಡು ಗುಂಪು. ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ "ಆಸ್ಪತ್ರೆಗೆ ಇಲ್ಲದ ದುಡ್ಡು ಇದಕ್ಕೆಲ್ಲಿಂದ ಬಂತು" ಎಂಬ ಸಿಟ್ಟು. ಯಾವುದಾದರೂ ಒಂದು ಗುಂಪಿಗೆ ಸೇರುವ ಮುಂಚೆ ಕೆಲವು ಪ್ರಶ್ನೆ ಕೇಳಿ ನೋಡಿ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಎಂಟು ಸಲ ಕೊಡಬಾರದು. ಉಳಿದ ಎರಡು ಸಲ ಯಾವುದು ಅಂತ ಗುರುತಿಸುವುದೇ ಕಷ್ಟ.

ಮೊದಲು, ಆ ಟೂರ್ನಿ ಎಂಥದ್ದು ನೋಡಿ. ಒಲಿಂಪಿಕ್ಸ್‌ಗೆ ಬನ್ನಿ ಅಂತ ಯಾರೂ ಓಟಗಾರ ಉಸೇನ್ ಬೋಲ್ಟ್‌ಗೆ ದುಡ್ಡು ಕೊಟ್ಟು ಕರೆಯಬೇಕಿರಲಿಲ್ಲ, ಪದಕವೇ ಕರೆಯುತ್ತದೆ. ಬರೀ ಹಾಜರಿಗೆ ಕೊಡುವ ಹಣ, ಅಂದರೆ ಅಪಿಯರೆನ್ಸ್ ಫೀ, ಹೆಚ್ಚಾಗಿ ನಡೆಯುವುದು ಅದರ ಕೆಳಗಿನ ಹಂತದಲ್ಲಿ. ಟೆನಿಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್‌ಗಿಂತ ಕೆಳಗಿನ, 250, 500 ಅನ್ನುವ ಮಟ್ಟದ ಟೂರ್ನಿಗಳು ಕೊಡುತ್ತವೆ. ಗಾಲ್ಫ್‌ನಲ್ಲಿ ಅಮೆರಿಕದ ಪಿಜಿಎ ಟೂರ್ ಬೇಡ ಅನ್ನುತ್ತದೆ, ಯುರೋಪಿನ ಟೂರ್ ಕೊಡಲು ಬಿಡುತ್ತದೆ. ಅಂದರೆ ಫೀ ಕೇಳುತ್ತಿದ್ದಾರೆ ಅಂದಾಗಲೇ ಆ ಟೂರ್ನಿಗೆ ಸ್ವಂತ ಸೆಳೆತ ಕಡಿಮೆ ಅಂತ ಅರ್ಥ. ತಪ್ಪೇನಲ್ಲ, ಆದರೆ ಮುಂದಿನ ವರ್ಷ ಆ ಸ್ಟಾರ್ ಬರದಿದ್ದರೆ ಏನು ಉಳಿಯುತ್ತದೆ ಅಂತ ಕೇಳಿ.

ಆಮೇಲೆ ಮುಖ್ಯ ಪ್ರಶ್ನೆ: ಈ ದುಡ್ಡನ್ನು ಸಂಘಟಕರೇ ಯಾಕೆ ಕೊಡಬಾರದು? ಸ್ಟಾರ್ ಬಂದರೆ ಸ್ಟೇಡಿಯಂ ತುಂಬುತ್ತದೆ, ಟಿಕೆಟ್ ದರ ಏರಿಸಬಹುದು, ಪ್ರಾಯೋಜಕರು, ಟಿವಿಯವರು ಜಾಸ್ತಿ ಕೊಡುತ್ತಾರೆ. ಆ ಗಳಿಕೆ ಫೀಸಿಗಿಂತ ದೊಡ್ಡದಾದರೆ ಸರ್ಕಾರ ಬೇಕಾಗಿಲ್ಲ. ಚಿಕ್ಕದಾದರೆ, ಸಂಘಟಕರಿಗೇ ನಷ್ಟ ಅನಿಸಿದ ವ್ಯಾಪಾರಕ್ಕೆ ನಾವೇಕೆ ಕೈ ಹಾಕಬೇಕು, ಅಲ್ವಾ? ಇದಕ್ಕೆ ಒಂದೇ ಒಂದು ಒಳ್ಳೆಯ ಉತ್ತರವಿದೆ. ಲಾಭ ಸಂಘಟಕರ ಜೇಬಿಗೆ ಬರದೆ ಊರಿನ ಹೋಟೆಲು, ಟ್ಯಾಕ್ಸಿ, ಅಂಗಡಿಗಳಿಗೆ ಹಂಚಿಹೋಗುತ್ತದೆ, ಹಾಗಾಗಿ ಅವರೊಬ್ಬರೇ ಅಷ್ಟು ಕೊಡಲು ಒಪ್ಪುವುದಿಲ್ಲ. ಈ ವಾದ ಹೂಡಿದರೆ ಕಿವಿಗೊಡಿ. ಹಾಗಾದರೆ ಹೋಟೆಲಿನವರು ಎಷ್ಟು ಹಾಕುತ್ತಿದ್ದಾರೆ ಅಂತಲೂ ಕೇಳಿ. ಸಾಮಾನ್ಯವಾಗಿ ಅಲ್ಲಿಗೆ ಮಾತು ತಣ್ಣಗಾಗುತ್ತದೆ.

ಇನ್ನು ಲಾಭದ ಅಂಕಿ. 2009ರಲ್ಲಿ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಮಾಸ್ಟರ್ಸ್ ಟೂರ್ನಿ ಆಡಲು ಬಂದರು. ಫೀ ಸುಮಾರು 30 ಲಕ್ಷ ಅಮೆರಿಕನ್ ಡಾಲರ್, ಅದರಲ್ಲಿ ಅರ್ಧ ಅಲ್ಲಿನ ವಿಕ್ಟೋರಿಯಾ ರಾಜ್ಯ ಸರ್ಕಾರದ್ದು. ರಾಜ್ಯಕ್ಕೆ 1.9 ಕೋಟಿ ಆಸ್ಟ್ರೇಲಿಯನ್ ಡಾಲರ್ ಲಾಭ ಅಂತ ಸರ್ಕಾರ ಅಂದಾಜು ಹೇಳಿತು. ಟಿಕೆಟ್ ಎಲ್ಲ ಖಾಲಿ, ವುಡ್ಸ್ ಗೆದ್ದೂ ಬಿಟ್ಟರು. ಇದಕ್ಕಿಂತ ಚೆನ್ನಾಗಿ ನಡೆಯಲು ಸಾಧ್ಯವೇ ಇಲ್ಲ. ಆದರೂ ಇಂಥ ಅಂಕಿಯನ್ನು ಹಾಗೇ ನುಂಗಬೇಡಿ, ಮೂರು ಸಲ ಸೋಸಿ. ಊರಿನವರೇ ಕೊಂಡ ಟಿಕೆಟ್ ತೆಗೆಯಿರಿ, ಯಾಕೆಂದರೆ ಅವರು ಅದೇ ದುಡ್ಡನ್ನು ಸಿನಿಮಾಗೋ ಊಟಕ್ಕೋ ಅಲ್ಲೇ ಖರ್ಚು ಮಾಡುತ್ತಿದ್ದರು. ಹೇಗೂ ಬರಲಿದ್ದು, ಪ್ರವಾಸದ ದಿನಾಂಕ ಮಾತ್ರ ಬದಲಿಸಿಕೊಂಡವರನ್ನು ತೆಗೆಯಿರಿ. ಗಲಾಟೆ, ದುಬಾರಿ ರೂಮು ಅಂತ ಆ ವಾರ ಬರದೇ ಹೋದವರನ್ನೂ ಕಳೆಯಿರಿ. ಉಳಿದದ್ದು ಹೊಸ ಖರ್ಚು. ಅದೂ ಸರ್ಕಾರದ ಆದಾಯವಲ್ಲ, ಅದರ ಮೇಲೆ ಬರುವ ತೆರಿಗೆಯಷ್ಟೇ ಬೊಕ್ಕಸಕ್ಕೆ. ಈ ಸೋಸುವಿಕೆ ಆದಮೇಲೂ ಲೆಕ್ಕ ನಿಂತರೆ ಕೊಡಲಿ, ನನ್ನ ತಕರಾರಿಲ್ಲ. ಒಂದು ಮಾತು ಬಿಟ್ಟೆ: ನಮ್ಮ ಊರಿನ ಹೆಸರು ಜಗತ್ತಿಗೆ ಗೊತ್ತಾಗುತ್ತದೆ ಅನ್ನುವುದನ್ನು ಎಷ್ಟು ಕೋಟಿಗೆ ಬೇಕಾದರೂ ಬರೆಯಬಹುದು, ಅದಕ್ಕೇ ಅದನ್ನು ಸೊನ್ನೆ ಅಂತ ಹಿಡಿದು ಶುರು ಮಾಡಿ.

ಕರಾರಿನ ಷರತ್ತು ಓದದೆ ಮುಂದೆ ಹೋಗಲೇಬೇಡಿ. 2024ರ ಫೆಬ್ರುವರಿ 4ರಂದು ಹಾಂಗ್‌ಕಾಂಗ್‌ನಲ್ಲಿ ಮೆಸ್ಸಿಯ ಫುಟ್‌ಬಾಲ್ ಕ್ಲಬ್ ಇಂಟರ್ ಮಯಾಮಿಯ ಪ್ರದರ್ಶನ ಪಂದ್ಯ ಇತ್ತು. ಸರ್ಕಾರ 1.6 ಕೋಟಿ ಹಾಂಗ್‌ಕಾಂಗ್ ಡಾಲರ್ ನೆರವು ಮಂಜೂರು ಮಾಡಿತ್ತು. ಮೆಸ್ಸಿ 45 ನಿಮಿಷ ಆಡಬೇಕು ಅಂತ ಕರಾರು, ಗಾಯವಾಗಿದ್ದರೆ ವಿನಾಯಿತಿ. ಮೆಸ್ಸಿ ಬೆಂಚಿನಿಂದ ಏಳಲೇ ಇಲ್ಲ. ಮೂರು ದಿನ ಬಿಟ್ಟು ಟೋಕಿಯೊದಲ್ಲಿ ಅರ್ಧ ಗಂಟೆ ಆಡಿದರು, ಹಾಂಗ್‌ಕಾಂಗ್‌ನವರಿಗೆ ಹೇಗಾಗಿರಬೇಕು ಯೋಚಿಸಿ. ಸಂಘಟಕರು ನೆರವಿನ ಅರ್ಜಿ ವಾಪಸ್ ಪಡೆದರು, ಟಿಕೆಟ್‌ನ ಅರ್ಧ ಹಣ ಹಿಂದಿರುಗಿಸಲು ಒಪ್ಪಿದರು. 2019ರಲ್ಲಿ ಸೋಲ್‌ನಲ್ಲೂ ಇದೇ ಕಥೆ. ಯುವೆಂಟಸ್ ಕ್ಲಬ್ ಜೊತೆ ಬಂದ ರೊನಾಲ್ಡೊ ಆಡಲಿಲ್ಲ. ಅಲ್ಲಿ ಅಭಿಮಾನಿಗಳು ಕೋರ್ಟ್‌ಗೆ ಹೋಗಿ ಸಂಘಟಕರಿಂದ ಪರಿಹಾರದ ತೀರ್ಪು ಪಡೆದರು. ಆದ್ದರಿಂದ ನೋಡಬೇಕಾದ್ದು: ಬಂದರೆ ಸಾಕೋ, ಆಡಲೇಬೇಕೋ? ಗಾಯ ಅಂತ ಹೇಳುವ ಡಾಕ್ಟರ್ ಯಾರ ಕಡೆಯವರು? ಹಣ ಪಂದ್ಯದ ಮುಂಚೆಯೋ, ಮುಗಿದ ಮೇಲೋ? ಸರ್ಕಾರದ ಪಾಲು ಆಟ ಮುಗಿದ ಮೇಲೇ ಹೋಗಬೇಕು. ಒಪ್ಪದ ಸ್ಟಾರ್ ಬೇರೆ ಕಡೆ ಹೋಗಲಿ ಬಿಡಿ.

ಇನ್ನೊಂದು ಷರತ್ತನ್ನು ಬರೆಯಲು ಎಲ್ಲರಿಗೂ ಸಂಕೋಚ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2009ರಿಂದ ಮೂರು ವರ್ಷ ಅಡಿಲೇಡ್‌ನ ಟೂರ್ ಡೌನ್ ಅಂಡರ್ ಸೈಕಲ್ ರೇಸಿಗೆ ಬಂದರು, ಸೌತ್ ಆಸ್ಟ್ರೇಲಿಯಾ ಸರ್ಕಾರ ಹಣ ಕೊಟ್ಟಿತ್ತು, ಎಷ್ಟು ಅಂತ ಮಾತ್ರ ಆಗ ಹೇಳಲಿಲ್ಲ. ರಸ್ತೆ ಬದಿಯಲ್ಲಿ ಜನಸಾಗರ, ಅದು ನಿಜ. 2012ರಲ್ಲಿ ಡೋಪಿಂಗ್‌ಗೆ ಆಜೀವ ನಿಷೇಧ ಬಿತ್ತು, 2013ರ ಜನವರಿಯಲ್ಲಿ ಅವರೇ ಒಪ್ಪಿಕೊಂಡರು. ಮುಂದೆ ಸಿಕ್ಕಿಬಿದ್ದರೆ ಹಣ ವಾಪಸ್ ಅನ್ನುವ ಸಾಲು ಕರಾರಿನಲ್ಲಿ ಮೊದಲೇ ಇರಬೇಕು, ಆಮೇಲೆ ಕೇಳಿದರೆ ಬರುವುದು ಕಷ್ಟ. ವುಡ್ಸ್ ವಿಷಯದಲ್ಲೂ ಮೆಲ್ಬರ್ನ್‌ನಲ್ಲಿ ಗೆದ್ದು ಎರಡು ವಾರ ಆಗುವಷ್ಟರಲ್ಲಿ ಅವರ ಖಾಸಗಿ ಬದುಕು ಜಗತ್ತಿನ ಪತ್ರಿಕೆಗಳಲ್ಲಿತ್ತು. ಅದಕ್ಕೆ ಯಾವ ಷರತ್ತೂ ಇಲ್ಲ ಬಿಡಿ.

ಕೈಯಿಂದ ದುಡ್ಡು ಕೊಡದೆಯೂ ಕೊಡಬಹುದು, ಅದನ್ನೂ ಹುಡುಕಿ. ವಿದೇಶಿ ಆಟಗಾರರ ಪ್ರಾಯೋಜಕತ್ವದ ಗಳಿಕೆಗೂ ಬ್ರಿಟನ್ ತೆರಿಗೆ ಹಾಕುತ್ತಿತ್ತು. ಅದೇ ಕಾರಣಕ್ಕೆ ಬೋಲ್ಟ್ 2010ರಲ್ಲಿ ಲಂಡನ್ನಿನ ಅಥ್ಲೆಟಿಕ್ಸ್ ಕೂಟಕ್ಕೆ ಬರಲಿಲ್ಲ. 2013ರಲ್ಲಿ ಲಂಡನ್ನಿನ ಆ್ಯನಿವರ್ಸರಿ ಗೇಮ್ಸ್‌ಗೆ ವಿನಾಯಿತಿ ಕೊಟ್ಟರು, ಬೋಲ್ಟ್ ಬಂದು ಓಡಿದರು. ಚೆಕ್ ಬರೆಯಲಿಲ್ಲ, ಸರಿ. ಆದರೆ ಬಿಟ್ಟುಕೊಟ್ಟ ತೆರಿಗೆಯೂ ಖರ್ಚೇ. ಪೊಲೀಸ್ ಬಂದೋಬಸ್ತು, ಬಾಡಿಗೆ ಇಲ್ಲದ ಸ್ಟೇಡಿಯಂ, ಸರ್ಕಾರಿ ಜಾಹೀರಾತು, ಇವನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ.

ವ್ಯಾಪಾರದ ಗುಟ್ಟು ಅಂತ ಮೊತ್ತ ಹೇಳದಿದ್ದರೆ ಮಾಹಿತಿ ಕೇಳುವ ಕಾನೂನು ಇರುವ ಕಡೆ ಅರ್ಜಿ ಹಾಕಿ. ಸುಮ್ನೆ "ವಿವರ ಕೊಡಿ" ಅಂತ ಬರೆಯಬೇಡಿ. ಒಟ್ಟು ಮೊತ್ತ, ಕಂತಿನ ದಿನಾಂಕ, ಹಣ ಯಾವ ಖಾತೆಗೆ ಹೋಯಿತು, ಆಡದಿದ್ದರೆ ಎಷ್ಟು ಕಡಿತ, ಲಾಭದ ಅಂದಾಜು ಮಾಡಿದವರಿಗೆ ಸಂಬಳ ಕೊಟ್ಟವರು ಯಾರು ಅಂತ ಒಂದೊಂದಾಗಿ ಕೇಳಿ. ಟೂರ್ನಿ ಮುಗಿದು ಆರು ತಿಂಗಳಿಗೆ ಇನ್ನೊಂದು ಅರ್ಜಿ ಹಾಕಿ, ಅಂದಾಜಿನ ಪಕ್ಕದಲ್ಲಿ ನಿಜವಾದ ಅಂಕಿ ಬರೆದುಕೊಡಿ ಅಂತ.