ಗ್ಲಿಸರಿನ್‌ನಲ್ಲಿ ಮಾಯವಾದ ಮಣಿಗಳು

ಮಡಿಕೇರಿಯ ಮಳೆಗಾಲದಲ್ಲಿ ಗ್ಲಿಸರಿನ್ ತೊಟ್ಟಿಯನ್ನು ತೆರೆದಿಡಬೇಡಿ. ಈ ಒಂದು ಮಾತು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಎರಡು ತಿಂಗಳು ಉಳಿಯುತ್ತಿತ್ತು.

2018ರಲ್ಲಿ ಗುಡ್ಡದ ಬರೆ ಕುಸಿದಿದ್ದನ್ನು ನೋಡಿದ ಮೇಲೆ ಹತ್ತಿದ ಹುಚ್ಚು ಇದು. ಮಣ್ಣಿನ ಹಾಗೆ ಕಾಳಿನ ರಾಶಿ ಜಾರುವಾಗ ಒಳಗಿನ ಕಾಳು ಏನು ಮಾಡುತ್ತದೆ ಅಂತ ನೋಡಬೇಕಿತ್ತು. "ಸಿಟಿ ಸ್ಕ್ಯಾನ್ ಇಲ್ಲದೆ ಆಗೋ ಕೆಲಸ ಅಲ್ಲ ಬಿಡಿ ಸಾರ್" ಅಂದರು ಲ್ಯಾಬಿನ ಗೆಳೆಯರು. ಕರಿಮೆಣಸಿನ ಬಾಟಲಿ ಹಿಡಿದು ಒಂದು ಸ್ಕ್ಯಾನ್ ಸೆಂಟರಿಗೂ ಹೋದೆ. ನಗುತ್ತಲೇ ಮಾಡಿಕೊಟ್ಟರು. ಕಾಳೇನೋ ಕಂಡಿತು, ಕಾಳಿಗೆ ಕಾಳು ತಾಗುವ ಜಾಗ ಮಾತ್ರ ಕಲಸಿಹೋಗಿತ್ತು.

ಕೊನೆಗೆ ಗಾಜಿನ ಮಣಿ, ಗ್ಲಿಸರಿನ್, ಹಸಿರು ಲೇಸರ್‌ಗೆ ಬಂದೆ. ಗಾಜು, ದ್ರವ ಎರಡೂ ಬೆಳಕನ್ನು ಒಂದೇ ಅಳತೆಯಲ್ಲಿ ಬಾಗಿಸಿದರೆ ಮಣಿ ಕಣ್ಣಿಗೆ ಮಾಯ, ಆಗ ರಾಶಿಯ ಒಳಕ್ಕೂ ಬೆಳಕು ಹಾಯುತ್ತದೆ. ಅಗ್ಗ ಅಂತ ಸಾದಾ ಗಾಜಿನ ಮಣಿ ನಾಲ್ಕು ಕೆ.ಜಿ. ತಂದು ಮೂರು ಸಾವಿರ ಕಳೆದುಕೊಂಡೆ. ಬೆಳಕು ಬಾಗುವ ಆ ಅಳತೆ, ಅಂದರೆ ವಕ್ರೀಭವನ ಸೂಚ್ಯಂಕ, ಅದರದು 1.52, ಗ್ಲಿಸರಿನ್‌ದು 1.47. ಮಾಯ ಆಗುವುದಾದರೂ ಹೇಗೆ? ಆಮೇಲೆ 3 ಮಿ.ಮೀ. ಬೋರೋಸಿಲಿಕೇಟ್ (ಲ್ಯಾಬಿನ ಬೀಕರ್ ಮಾಡುವ ಗಾಜು) ಮಣಿ ತಂದೆ, ಅದರ ಸೂಚ್ಯಂಕ ಗ್ಲಿಸರಿನ್‌ದಕ್ಕೆ ಸಮ. ಹಾಕಿದ ಕೂಡಲೇ ಮಾಯ! ವಾರ ಕಳೆಯುವಷ್ಟರಲ್ಲಿ ಅಂಚುಗಳು ಮತ್ತೆ ಕಾಣತೊಡಗಿದವು. ಮಣಿ ಕೊಟ್ಟವನನ್ನು ಸುಮ್ನೆ ಬೈದೆ. ತಪ್ಪು ಜುಲೈ ಗಾಳಿಯದು. ಗ್ಲಿಸರಿನ್ ತೇವ ಕುಡಿದು ಕುಡಿದು ತೆಳುವಾಗಿ ಅದರ ಸೂಚ್ಯಂಕ ಇಳಿದಿತ್ತು. ಸಣ್ಣ ಉರಿಯಲ್ಲಿ ಕಾಯಿಸಿ ನೀರು ಹಾರಿಸಿದೆ, ತೊಟ್ಟಿಗೆ ಬಿಗಿ ಮುಚ್ಚಳ ಮಾಡಿಸಿದೆ. ಗಾಳಿಗುಳ್ಳೆ ತೆಗೆಯೋಕೆ ಒಂದು ಉಪಾಯ ಇದೆ, ಅದು ಸದ್ಯ ನನ್ನಲ್ಲೇ ಇರಲಿ.

ಗ್ಲಿಸರಿನ್‌ಗೆ ಚಿಟಿಕೆ ರೋಡಮೈನ್, ಅಂದರೆ ಹಸಿರು ಲೇಸರ್ ಬಿದ್ದರೆ ಕಿತ್ತಳೆಯಾಗಿ ಹೊಳೆಯುವ ಬಣ್ಣ. ಗ್ಲಿಸರಿನ್ ಹೊಳೆಯುತ್ತದೆ, ಮಣಿ ಕಪ್ಪಾಗಿ ಕಾಣುತ್ತದೆ. ಆ ಹೊಳಪನ್ನಷ್ಟೇ ಹಿಡಿಯಲು ಕ್ಯಾಮೆರಾಗೆ ಕಿತ್ತಳೆ ಫಿಲ್ಟರ್. ತೊಟ್ಟಿ ಸರಿಸಲು ಮೇಜಿನ ಡ್ರಾಯರ್ ಚಾನೆಲ್. ಅರ್ಧ ಮಿ.ಮೀ.ಗೆ ಒಂದು ಫೋಟೊ, ಸುಮಾರು ನೂರ ಇಪ್ಪತ್ತು. ಕರೆಂಟ್ ಹೋದರೆ ಮತ್ತೆ ಮೊದಲಿಂದ. ಎಲ್ಲ ಸೇರಿ ಹದಿನಾರು ಸಾವಿರದ ಆಸುಪಾಸು.

ನಡುವೆ ಕಾಫಿ ಬೀಜವನ್ನು ಆಲಿಕೆಯಲ್ಲಿ ಸುರಿದು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದೆ. ಬಾಯಿ ಮೂರ್ನಾಲ್ಕು ಬೀಜದಷ್ಟೇ ಅಗಲ ಇದ್ದರೆ ಬೀಜಗಳೇ ಕಮಾನು ಕಟ್ಟಿ ನಿಂತುಬಿಡುತ್ತವೆ. ಚೆಂದ ಕಾಣುತ್ತದೆ, ಆದರೆ ಒಳಗಿನದೇನೂ ತಿಳಿಯಲ್ಲ.

ತೊಟ್ಟಿಯನ್ನು ಒಂದೊಂದೇ ಡಿಗ್ರಿ ಓರೆ ಮಾಡಿದಾಗ ಜಾರಿದ್ದು ಮೇಲಿನ ಏಳೆಂಟು ಮಣಿಯಷ್ಟು ದಪ್ಪದ ಪದರ. ಅದರ ಕೆಳಗಿನವೂ ಸುಮ್ಮನಿರಲಿಲ್ಲ, ಕೂದಲೆಳೆಯಷ್ಟು ತೆವಳಿದ್ದವು. ಇದು ಗ್ಲಿಸರಿನ್‌ನಲ್ಲಿ ಕಂಡದ್ದು, ಒದ್ದೆ ಮಣ್ಣಿಗೆ ನೇರ ಹೋಲಿಸಲು ಹೋಗಬೇಡಿ.

ಮೊನ್ನೆ ಅದೇ ಗೆಳೆಯರು ಬಂದು ತೊಟ್ಟಿಗೆ ಇಣುಕಿದರು. "ಮಣಿ ಎಲ್ಲಿ ಸಾರ್? ಖಾಲಿ ಇದೆಯಲ್ಲ" ಅಂದರು. ಕನ್ನಡಕ ಕೊಟ್ಟು ಲೇಸರ್ ಹಚ್ಚಿದೆ.