ಎಂಟು ಜನ, ಇಪ್ಪತ್ತನಾಲ್ಕು ಎಂಟು

ಶಿವಮೊಗ್ಗದಲ್ಲಿ ಹಿಪ್ ಹಾಪ್ ತಂಡ ಕಟ್ಟುವವರಿಗೆ ಆಷಾಢದಷ್ಟು ಅನುಕೂಲವಾದ ತಿಂಗಳು ಬೇರೆ ಇಲ್ಲ. ಮದುವೆಗಳು ನಡೆಯುವುದಿಲ್ಲವಾದ್ದರಿಂದ ಕಲ್ಯಾಣ ಮಂಟಪಗಳ ಊಟದ ಹಾಲ್‌ಗಳು ಖಾಲಿ ಬಿದ್ದಿರುತ್ತವೆ. ಕರೆಂಟ್ ಬಿಲ್ಲಿನ ಮೇಲೆ ಸ್ವಲ್ಪ ಕೊಟ್ಟರೆ ಸಂಜೆ ಆರರಿಂದ ಒಂಬತ್ತರವರೆಗೆ ಬೀಗದ ಕೈ ಸಿಗುತ್ತದೆ. ಆದರೆ ಅದೇ ತಿಂಗಳು ನಮ್ಮಲ್ಲಿ ಮಳೆ ಜೋರು ಹಿಡಿಯುವ ಕಾಲವೂ ಹೌದು. ಸಿಮೆಂಟಿನ ನೆಲ ಬೆವರುತ್ತದೆ, ಶೂಗಳು ಒಣಗುವುದೇ ಇಲ್ಲ, ಅಂಗೈ ಊರಿ ಕಾಲು ಬೀಸುವವನ ಕೈ ಜಾರುತ್ತದೆ. ನಾವು ಹಳೆಯ ಫ್ಲೆಕ್ಸ್ ಬ್ಯಾನರ್‌ಗಳನ್ನು ಸಂಗ್ರಹಿಸಿ, ಮಗುಚಿ ಹಾಸಿ, ಅಂಚುಗಳಿಗೆ ಟೇಪ್ ಹಚ್ಚಿ ಅದರ ಮೇಲೆ ಅಭ್ಯಾಸ ಮಾಡುತ್ತಿದ್ದೆವು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರೇಕಿಂಗ್ ಎಂಬ, ನೆಲಕ್ಕೆ ಮೈಯೂರಿ ಕುಣಿಯುವ ಶೈಲಿಯನ್ನು ಬೆಳೆಸಿದ ಹುಡುಗರಿಗೆ ರಟ್ಟಿನ ಪೆಟ್ಟಿಗೆಗಳು ನೆಲಹಾಸಾಗಿದ್ದವು. ನಮಗೆ ಹುಟ್ಟುಹಬ್ಬದ ಶುಭಾಶಯ ಸ್ವೀಕರಿಸುತ್ತಿದ್ದ ಮುಖಂಡರ ಬೆನ್ನು ಒದಗಿತು.

ನಾನು ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವನು. ನೃತ್ಯವನ್ನು ಯಾವ ಗುರುವಿನಿಂದಲೂ ಕಲಿಯಲಿಲ್ಲ, ಅಂಗೈಯಗಲದ ಪರದೆಯಿಂದ ಕಲಿತೆ. ಪರದೆಯಲ್ಲಿ ಎದುರಿಗೆ ನಿಂತವನನ್ನು ನೋಡಿ ಕಲಿತಿದ್ದರಿಂದ ನನ್ನ ಎಡ ಬಲಗಳು ಎರಡು ವರ್ಷ ಅದಲುಬದಲಾಗಿದ್ದವೆಂಬುದು ತಂಡ ಕಟ್ಟಿದ ಮೇಲಷ್ಟೇ ತಿಳಿಯಿತು. ಒಬ್ಬನೇ ಕುಣಿಯುವವನಿಗೆ ಅದು ತಪ್ಪೇ ಅಲ್ಲ. ಪಕ್ಕದಲ್ಲಿ ಇನ್ನೊಬ್ಬ ನಿಂತ ಕ್ಷಣ ಅದು ಡಿಕ್ಕಿಯಾಗುತ್ತದೆ. ತಂಡದಲ್ಲಿ ನಾವು ಒಂಬತ್ತು ಜನರಿದ್ದೆವು. ವೇದಿಕೆಗೆ ಎಂಟು, ಹೊರಗೆ ಒಬ್ಬ ಎಂದು ಮೊದಲ ದಿನವೇ ಹೇಳಿದ್ದೆ; ಆ ಹೊರಗಿನವನು ಯಾರೆಂದು ಮಾತ್ರ ಹೇಳಿರಲಿಲ್ಲ. ಅದನ್ನು ಹೇಳದೆ ಇಟ್ಟುಕೊಂಡಿದ್ದು ಎಲ್ಲರೂ ಚುರುಕಾಗಿರಲಿ ಎಂದು. ಈಗ ಯೋಚಿಸಿದರೆ, ಆ ಐದು ತಿಂಗಳ ಒತ್ತಡದಲ್ಲಿ ಅರ್ಧವನ್ನಾದರೂ ನಾನೇ ಹುಟ್ಟಿಸಿದ್ದೆ ಎನ್ನಿಸುತ್ತದೆ.

ನಾವು ಗುರಿಯಿಟ್ಟುಕೊಂಡದ್ದು ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯಲಿದ್ದ ಒಂದು ಸ್ಪರ್ಧೆಯನ್ನು. 2002ರಲ್ಲಿ ಅಮೆರಿಕದಲ್ಲಿ ಆರಂಭವಾದ ಹಿಪ್ ಹಾಪ್ ಇಂಟರ್‌ನ್ಯಾಷನಲ್ ಸಂಸ್ಥೆಯ ನಿಯಮಾವಳಿಯ ಮಾದರಿಯಲ್ಲೇ ಅಲ್ಲಿಯೂ ಅಂಕ ಕೊಡುತ್ತಿದ್ದರು: ಪ್ರದರ್ಶನಕ್ಕೆ ಅರ್ಧ, ಕೌಶಲಕ್ಕೆ ಅರ್ಧ, ಅವಧಿ ಎರಡು ನಿಮಿಷ ಮೀರುವಂತಿಲ್ಲ, ಒಂದೇ ಶೈಲಿಗೆ ಅಂಟಿಕೊಳ್ಳದೆ ಕನಿಷ್ಠ ಮೂರನ್ನು ತೋರಿಸಬೇಕು. ಇದು ಕೇಳುವುದಕ್ಕೆ ಸುಲಭ. ಆದರೆ ಬ್ರೇಕಿಂಗ್ ಬ್ರಾಂಕ್ಸ್‌ನದು, ಲಾಕಿಂಗ್ ಲಾಸ್ ಏಂಜಲೀಸ್‌ನ ಡಾನ್ ಕ್ಯಾಂಪ್‌ಬೆಲ್ ಅವರಿಂದ ಬಂದದ್ದು, ಪಾಪಿಂಗ್ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನಲ್ಲಿ ಬೆಳೆದದ್ದು. ಲಾಕಿಂಗ್‌ನಲ್ಲಿ ಕೈ ಬೀಸಿ ಗಕ್ಕನೆ ನಿಲ್ಲುತ್ತದೆ, ನಗು ಮುಖದಲ್ಲೇ ಇರಬೇಕು. ಪಾಪಿಂಗ್‌ನಲ್ಲಿ ಸ್ನಾಯುವನ್ನು ಬಿಗಿದು ತಟ್ಟನೆ ಸಡಿಲಿಸಬೇಕು. ಒಂದರಿಂದ ಇನ್ನೊಂದಕ್ಕೆ ಎಂಟು ಮೈಗಳು ಒಟ್ಟಿಗೆ ದಾಟುವುದಕ್ಕೆ ಸಿಗುವುದು ಅರ್ಧ ಸೆಕೆಂಡು.

ಹಾಡುಗಳನ್ನು ಜೋಡಿಸಿ ಮಾಡಿಕೊಂಡ ನಮ್ಮ ಮಿಕ್ಸ್ ನಿಮಿಷಕ್ಕೆ 96 ಬೀಟ್‌ಗಳದ್ದು. ಎರಡು ನಿಮಿಷಕ್ಕೆ 192 ಬೀಟ್, ಅಂದರೆ ಎಂಟೆಂಟರ 24 ಕಂತುಗಳು. ನಾವು ಇವುಗಳನ್ನು ‘ಎಂಟು’ ಎಂದೇ ಕರೆಯುತ್ತಿದ್ದೆವು: ಮೂರನೇ ಎಂಟು, ಹದಿನೇಳನೇ ಎಂಟು. ಗೋಡೆಗೆ ಕ್ಯಾಲೆಂಡರಿನ ಹಿಂಬದಿಯನ್ನು ಅಂಟಿಸಿ, 24 ಮನೆಗಳನ್ನು ಗೀಚಿ, ಪ್ರತಿ ಮನೆಯಲ್ಲಿ ಎಂಟು ಚುಕ್ಕೆಗಳಿಂದ ಯಾರು ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿದ್ದೆ. ಆ ಹಾಳೆ ತುಂಬುವಾಗಲೇ ನನಗೆ ಮೊದಲ ಪೆಟ್ಟು ಬಿತ್ತು. ಊರಿನ ಗಣಪತಿ ಪೆಂಡಾಲ್‌ಗಳಲ್ಲಿ ನನಗೆ ಹೆಸರು ತಂದುಕೊಟ್ಟದ್ದು ತಲೆಯ ಮೇಲೆ ಬುಗುರಿಯಂತೆ ತಿರುಗುವ ಹೆಡ್‌ಸ್ಪಿನ್. ಅದಕ್ಕೆ ಎರಡು ಎಂಟು ಬೇಕು. ಅಷ್ಟು ಹೊತ್ತು ಉಳಿದ ಏಳು ಜನ ಸುತ್ತ ನಿಂತು ಚಪ್ಪಾಳೆ ತಟ್ಟಬೇಕು. ಮೂರು ವಾರ ಹಟ ಹಿಡಿದು ಇಟ್ಟುಕೊಂಡೆ. ಒಂದು ಸಂಜೆ ವಿಡಿಯೋ ನೋಡುತ್ತ ಭದ್ರಾವತಿಯ ಹುಡುಗಿ, ‘ಅಣ್ಣಾ, ಇಲ್ಲಿ ನಾವು ನಿಮ್ಮ ಫ್ಯಾನ್ಸ್ ಥರ ಕಾಣ್ತೀವಿ’ ಎಂದಳು. ಮಾರನೆಯ ದಿನ ಆ ಎರಡು ಮನೆಗಳನ್ನು ಅಳಿಸಿದೆ.

ಹೊಸ ಸ್ಟೆಪ್ ಕೂಡಿಸುವ ಕೆಲಸ ಆರು ವಾರದಲ್ಲಿ ಮುಗಿಯಿತು. ಉಳಿದ ಸಮಯವೆಲ್ಲ ಹೋದದ್ದು ‘ಕ್ಲೀನಿಂಗ್’ ಎಂದು ನಾವು ಕರೆಯುವ ಕೆಲಸಕ್ಕೆ. ಮೊಣಕೈ ಎಷ್ಟು ಮಡಿಯಬೇಕು, ಕತ್ತು ಯಾವ ಬೀಟ್‌ಗೆ ತಿರುಗಬೇಕು ಎಂಬುದನ್ನು ಹಾಡಿಲ್ಲದೆ, ಬರಿಯ ಬಾಯಿಲೆಕ್ಕದಲ್ಲಿ, ಒಂದೊಂದೇ ಎಂಟನ್ನು ಹಿಡಿದು ತಿದ್ದುವ ಈ ಕೆಲಸದಷ್ಟು ಬೇಸರದ್ದು ಇನ್ನೊಂದಿಲ್ಲ, ಅಂಕ ತರುವುದೂ ಇದೇ. ಸೊರಬದ ಕಡೆಯ ಒಬ್ಬ ಹುಡುಗ ಚಿಕ್ಕಂದಿನಿಂದ ಡೊಳ್ಳು ಹೊತ್ತು ಕುಣಿದವನು. ಅವನ ದಮ್ಮು ನಮಗಾರಿಗೂ ಇರಲಿಲ್ಲ. ಆದರೆ ಒಂದನೇ ಬೀಟ್‌ಗೆ ನಾವೆಲ್ಲ ಮಂಡಿ ಸಡಿಲಿಸಿ ಕೆಳಗೆ ಇಳಿದರೆ ಅವನ ಮೈ ತಾನಾಗಿ ಮೇಲಕ್ಕೆ ಚಿಮ್ಮುತ್ತಿತ್ತು. ಅದನ್ನು ಇಳಿಸುವುದಕ್ಕೆ ಎರಡು ವಾರ ಹಿಡಿಯಿತು. ಕೊನೆಗೆ ಅವನೇ ಉಪಾಯ ಕಂಡುಕೊಂಡ: ಹೊಟ್ಟೆಯ ಮೇಲೆ ಡೊಳ್ಳು ಇದೆ, ಅದು ಇವತ್ತು ಎರಡು ಪಟ್ಟು ಭಾರ ಎಂದುಕೊಂಡನಂತೆ, ಮಂಡಿ ಮಡಿಯಿತು. ಇದನ್ನು ಕಂಡ ಕೆಲವರು, ನಡುವೆ ಡೊಳ್ಳನ್ನೇ ಸೇರಿಸಿ, ಜಡ್ಜ್‌ಗಳಿಗೆ ಹೊಸದೆನಿಸುತ್ತದೆ ಎಂದರು. ನಾನು ಒಪ್ಪಲಿಲ್ಲ. ಬೀರೇಶ್ವರನ ಸೇವೆಗೆಂದು ಮೈ ಕಟ್ಟಿ ಕಲಿಯುವ ಕುಣಿತವನ್ನು ಐದು ಸೆಕೆಂಡಿನ ಒಗ್ಗರಣೆ ಮಾಡುವುದು ಆ ಹುಡುಗನಿಗೂ ಇಷ್ಟವಿರಲಿಲ್ಲ.

ಹೊರಗಿನ ಒತ್ತಡಗಳನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರವೇಶ ಶುಲ್ಕ, ಬಟ್ಟೆ, ಪ್ರಯಾಣ ಎಲ್ಲ ಸೇರಿ ತಲೆಗೆ ನಾಲ್ಕು ಸಾವಿರದಷ್ಟಾಯಿತು; ಅದನ್ನು ಗಣಪತಿ ಪೆಂಡಾಲ್‌ಗಳಲ್ಲಿ ಸಿನಿಮಾ ಹಾಡಿಗೆ ಕುಣಿದು ದುಡಿದೆವು. ಮನೆಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಟಿವಿಯಲ್ಲಿ ಬರುತ್ತದೆಯೇ?’ 2019ರಲ್ಲಿ ಸುರೇಶ್ ಮುಕುಂದ್ ಅವರ ಕಿಂಗ್ಸ್ ತಂಡ ಅಮೆರಿಕದ ಟಿವಿ ಸ್ಪರ್ಧೆಯನ್ನು ಗೆದ್ದ ಮೇಲೆ ಇಂಡಿಯಾದ ಪ್ರತಿ ತಂಡವೂ ಗಾಳಿಯಲ್ಲಿ ಹಾರಬೇಕು ಎಂಬ ನಿರೀಕ್ಷೆ ಬೆಳೆದುಬಿಟ್ಟಿದೆ. ನಮಗೆ ಹಾರುವವರನ್ನು ಹಿಡಿದು ನಿಲ್ಲಿಸಲು ಬೇಕಾದ ಮ್ಯಾಟ್‌ಗಳೂ ಇರಲಿಲ್ಲ, ಆ ಧೈರ್ಯವೂ ಇರಲಿಲ್ಲ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬ್ರೇಕಿಂಗ್ ಸೇರಿದಾಗ ಒಬ್ಬ ಹುಡುಗನ ತಂದೆ ಒಂದು ವಾರ ನನ್ನನ್ನು ‘ಮಾಸ್ತರೇ’ ಎಂದು ಕರೆದರು. ಅಲ್ಲಿ ತಂಡಗಳಿರಲಿಲ್ಲ, ಒಬ್ಬೊಬ್ಬರೇ ಎದುರುಬದುರು ನಿಂತು ಕುಣಿಯುವ ಬ್ಯಾಟಲ್ ಮಾತ್ರವಿತ್ತು ಎಂಬುದನ್ನು ನಾನು ಅವರಿಗೆ ತಿದ್ದಿ ಹೇಳಲು ಹೋಗಲಿಲ್ಲ.

ನಿಜವಾದ ಒತ್ತಡ ಹಾಲ್‌ನ ಒಳಗೇ ಇತ್ತು. ಒಬ್ಬ ಬಾರದಿದ್ದರೆ ಎಂಟೂ ಚುಕ್ಕೆಗಳು ಕೆಡುತ್ತವೆ. ಬಂದ ಏಳು ಜನರ ಸಂಜೆ ಹಾಳಾಗುತ್ತದೆ. ಶ್ರಾವಣ ಹುಟ್ಟಿ ಮದುವೆಗಳು ಶುರುವಾದೊಡನೆ ಹಾಲ್ ಕೈಬಿಟ್ಟಿತು, ಅಭ್ಯಾಸ ವಿನೋಬನಗರದ ಒಂದು ತಾರಸಿಗೆ, ಬೆಳಗಿನ ಐದೂವರೆಗೆ ಬದಲಾಯಿತು. ಅಕ್ಟೋಬರ್ ಕಳೆಯುವಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನ ಮನೆಯಲ್ಲಿ ಅಡಿಕೆ ಕೊಯ್ಲು ಆರಂಭವಾಯಿತು. ಮರದಿಂದ ಗೊನೆ ಇಳಿದ ಮೇಲೆ ಹಸಿ ಅಡಿಕೆ ಕಾಯುವುದಿಲ್ಲ, ಸುಲಿದು ಬೇಯಿಸಲೇಬೇಕು. ಅವನು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತು, ಬೆಳಗಿನ ಮೊದಲ ಬಸ್ ಹಿಡಿದು ಬರುತ್ತಿದ್ದ. ಬಂದರೂ ತಡವಾಗುತ್ತಿತ್ತು. ನಾಲ್ಕು ದಿನ ಬರಲೇ ಇಲ್ಲ. ಸ್ಪರ್ಧೆಗೆ ಹನ್ನೆರಡು ದಿನ ಇರುವಾಗ ನಾನು ಅವನಿಗೆ ಫೋನಿನಲ್ಲಿ, ‘ಈ ಸಲ ನೀನು ಹೊರಗೆ ಮಾರಾಯ’ ಎಂದೆ. ಎದುರಿಗೆ ನಿಂತು ಹೇಳಬೇಕಿತ್ತು. ‘ಸರಿ ಅಣ್ಣಾ’ ಎಂದಷ್ಟೇ ಹೇಳಿ ಅವನು ಇಟ್ಟ.

ಬೆಂಗಳೂರಿನ ವೇದಿಕೆ ಪ್ಲೈವುಡ್ಡಿನದು, ಕೆಳಗೆ ಟೊಳ್ಳು. ಒಂಬತ್ತನೇ ಎಂಟಿನಲ್ಲಿ ನಾವೆಲ್ಲ ಒಟ್ಟಿಗೆ ಬಲಗಾಲು ಅಪ್ಪಳಿಸುವ ಜಾಗವಿದೆ. ಒದ್ದೆ ಫ್ಲೆಕ್ಸ್ ಮೇಲೂ ತಾರಸಿಯ ಮೇಲೂ ಅದರ ಸದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಅಲ್ಲಿ ಕೇಳಿತು: ಎಂಟು ಶೂಗಳಿಂದ ಒಂದೇ ಸದ್ದು, ಹಲಗೆಯ ಒಳಗಿನಿಂದ ಎದ್ದು ಎದೆಗೆ ಬಂದದ್ದು. ಪಕ್ಕದಲ್ಲಿದ್ದ ಸೊರಬದ ಹುಡುಗನ ಕಣ್ಣು ಒಂದು ಕ್ಷಣ ನನ್ನ ಕಡೆ ಹೊರಳಿತು. ಹೊರಳಬಾರದಿತ್ತು, ನೋಟ ಜಡ್ಜ್‌ಗಳ ಕಡೆಗೇ ಇರಬೇಕಿತ್ತು. ಐದು ತಿಂಗಳ ಕೂಲಿ ನನಗೆ ಆ ಒಂದು ಬೀಟ್‌ನಲ್ಲಿ ಸಂದಿತು. ಒಂಟಿಯಾಗಿ ತಲೆಯ ಮೇಲೆ ತಿರುಗಿದಾಗ ಸಿಕ್ಕ ಯಾವ ಶಿಳ್ಳೆಯೂ ಅದಕ್ಕೆ ಸಮವಲ್ಲ.

ಫಲಿತಾಂಶದಲ್ಲಿ ನಮಗೆ ಏಳನೇ ಸ್ಥಾನ. ಹೊಂದಾಣಿಕೆಗೆ ಒಳ್ಳೆಯ ಅಂಕಗಳು ಬಂದಿದ್ದವು, ಕಾಠಿಣ್ಯಕ್ಕೆ ಕಡಿಮೆ. ಅದು ನ್ಯಾಯವಾದ ತೀರ್ಪೇ. ಹದಿನೇಳನೇ ಎಂಟಿನಲ್ಲಿ ಎಲ್ಲರೂ ಒಟ್ಟಿಗೆ ನೆಲಕ್ಕೆ ಬೀಳುವ ಕಡೆ ಸಾಲು ಒಡೆದಿತ್ತು. ಭದ್ರಾವತಿಯ ಹುಡುಗಿ ತಡಮಾಡಿದಳೆಂದು ನನಗೆ ಖಚಿತವಿತ್ತು. ರಾತ್ರಿಯ ರೈಲಿನಲ್ಲಿ, ತಿಪಟೂರು ದಾಟುವವರೆಗೂ, ಎಲ್ಲರ ಎದುರು ಅವಳಿಗೆ ಅದನ್ನೇ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ಹುಡುಗ ಅಂಗಡಿಗೆ ಬಂದ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಬೆರಳುಗಳು ಅಡಿಕೆಯ ಕಲೆಯಿಂದ ಕಪ್ಪಾಗಿದ್ದವು. ಮೊಬೈಲ್ ರಿಪೇರಿಗೆ ಕೊಡಲು ಬಂದನೆಂದುಕೊಂಡೆ. ಅವನು ನಮ್ಮ ವಿಡಿಯೋ ತೆರೆದು, ಹದಿನೇಳನೇ ಎಂಟಿಗೆ ತಂದು ನಿಲ್ಲಿಸಿ, ‘ಅಕ್ಕ ಲೇಟಲ್ಲ ಅಣ್ಣಾ. ನೀವು ಬೇಗ ಬಿದ್ರಿ. ನಿಮ್ಮನ್ನ ನೋಡಿ ಉಳಿದೋರೂ ಬಿದ್ರು, ಅವಳೊಬ್ಳೇ ಕೌಂಟ್‌ಗೆ ಬಿದ್ದದ್ದು’ ಎಂದ. ವೇಗ ತಗ್ಗಿಸಿ ಮೂರು ಸಲ ನೋಡಿದೆ. ಏಳಕ್ಕೆ ಬೀಳಬೇಕಿದ್ದ ನಾನು ಆರೂವರೆಗೇ ನೆಲದಲ್ಲಿದ್ದೆ.

ಅಂದು ಸಂಜೆ ಭದ್ರಾವತಿಗೆ ಬಸ್ ಹತ್ತಿದೆ, ಈ ಸಲ ಫೋನ್ ಮಾಡಲಿಲ್ಲ. ಮುಂದಿನ ಆಷಾಢದಲ್ಲಿ ಅದೇ ಹಾಲ್‌ನ ಬೀಗ ತೆಗೆದಾಗ ಹೊಸ ಹಾಳೆಯ ಚುಕ್ಕೆಗಳನ್ನು ಅವಳು ಬರೆದಳು. ಎಡಗಡೆಯ ಎರಡನೇ ಚುಕ್ಕೆ ತೀರ್ಥಹಳ್ಳಿಯವನದು. ಅಭ್ಯಾಸದ ಹೊತ್ತನ್ನು ಅವನ ಬಸ್ಸಿನ ವೇಳೆ ನೋಡಿಯೇ ಗೊತ್ತುಮಾಡಿದೆವು. ನಾನು ಬಾಗಿಲ ಬಳಿ ನಿಂತು ಎಂಟು ಎಣಿಸಿದೆ.