ಫ್ಲೋಟ್ ಸರ್ವ್ ತಿರುಗುತ್ತಿತ್ತು, ಸರಿಹೋಗಿದ್ದು ಹೀಗೆ

ನಾನು ವಾಲಿಬಾಲ್ ಆಡುವುದು ಗದಗ ಹತ್ತಿರ, ಎರೆಮಣ್ಣಿನ ಬಯಲು ಅಂಗಳದಲ್ಲಿ. ಫ್ಲೋಟ್ ಸರ್ವ್ ಅಂದರೆ ಬಾಲ್ ತಿರುಗದೆ ಅಲುಗುತ್ತಾ ಹೋಗಬೇಕು. ನನ್ನದು ನೆಟ್ ದಾಟುತ್ತಿತ್ತು, ಆದರೆ ಬಾಲ್ ಗಿರಗಿರ ತಿರುಗುತ್ತಿತ್ತು. ತಿರುಗುವ ಬಾಲ್ ಎಲ್ಲಿ ಬೀಳುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ ಅಲ್ವಾ, ಎದುರಿನವರು ಆರಾಮಾಗಿ ಎತ್ತುತ್ತಿದ್ದರು.

ಜೋರಾಗಿ ಹೊಡೆದೆ, ಹೊರಗೆ ಹೋಯಿತು. ಜಂಪ್ ಸರ್ವ್ ಮಾಡಿದೆ, ಅರ್ಧಕ್ಕರ್ಧ ನೆಟ್‌ಗೆ. ಟಾಸ್ ಎತ್ತರ ಮಾಡಿದೆ, ಸಂಜೆ ಗಾಳಿ ಬಾಲನ್ನೇ ಎಳೆದೊಯ್ದಿತು.

ತಪ್ಪಿದ್ದದ್ದು ಟಾಸ್ ಮತ್ತು ಮಣಿಕಟ್ಟಿನಲ್ಲಿ. ಈಗ ಅಂಗಳದ ಹಿಂದಿನ ಗೆರೆಯಿಂದ 2 ಮೀಟರ್ ಹಿಂದೆ ನಿಲ್ಲುತ್ತೇನೆ. ಬಾಲಿಗೆ ಗಾಳಿ ತುಂಬುವ ತೂತು ನನ್ನ ಕಡೆ. ಎಡ ಅಂಗೈ ಮೇಲಿಟ್ಟು, ಬೆರಳು ಆಡಿಸದೆ, ಬಲ ಭುಜದ ಮುಂದೆ ಒಂದೂವರೆ ಅಡಿ ಮಾತ್ರ ಎತ್ತುತ್ತೇನೆ. ಮಣಿಕಟ್ಟು ಬಿಗಿ ಹಿಡಿದು ಅಂಗೈ ಬುಡದಿಂದ ನಟ್ಟನಡುವೆ ಹೊಡೆತ. ತಾಗಿದ ತಕ್ಷಣ ಕೈ ಅಲ್ಲೇ ನಿಲ್ಲಬೇಕು, ಮುಂದಕ್ಕೆ ಬೀಸಲೇಬಾರದು. ಇದೊಂದಕ್ಕೇ ನನಗೆ ಎರಡು ವಾರ ಹಿಡಿಯಿತು. ಬಾಲ್ ಹೋಗುವಾಗ ಆ ತೂತು ಕಾಣುತ್ತಲೇ ಇದ್ದರೆ ಹೊಡೆತ ಸರಿ.

ಸೀಟಿ ಆದಮೇಲೆ 8 ಸೆಕೆಂಡ್ ಇರುತ್ತದೆ, ಸುಮ್ನೆ ಅವಸರ ಬೇಡ. ಗುರಿ ಎದುರಿನವರ 5 ಮತ್ತು 6ನೇ ಜಾಗದ ನಡುವೆ, ಅಂದರೆ ಅವರ ಹಿಂದಿನ ಸಾಲಿನ ಎಡಗಡೆಯವರು ಮತ್ತು ನಡುವಿನವರ ಮಧ್ಯೆ. ಯಾರು ಎತ್ತಬೇಕು ಅಂತ ಇಬ್ಬರೂ ತಡವರಿಸುತ್ತಾರೆ. ಎದುರುಗಾಳಿ ಇದ್ದರೆ ಬಾಲ್ ಇನ್ನೂ ಜಾಸ್ತಿ ಅಲುಗುತ್ತದೆ.